ಚೌರಪ್ಪನ ಗಡಿಯಾರ

ನಮ್ಮೂರಿನಲ್ಲಿ ಇನ್ನೊಬ್ಬರ ವಸ್ತುವನ್ನು ಅವರ ಮನಸ್ಸಿಲ್ಲದೆ ಇಟ್ಟುಕೊಂಡರೆ ಅದು ದಿನದಿಂದ ದಿನಕ್ಕೆ ಭಾರವಾಗುತ್ತದೆ. ಹೊರಗಿನಿಂದ ಬಂದವರಿಗೆ ಇದು ಸೋಜಿಗ, ನಮಗೆ ಮಳೆ ಬಿಸಿಲಿನ ಹಾಗೆ. ಎರವಲು ತಂದ ಜರಡಿಯನ್ನು ಹೇಳಿದ ದಿನಕ್ಕೆ ಹಿಂದಿರುಗಿಸುತ್ತೇವೆ; ಮರೆತರೆ ಒಂದೆರಡು ತಿಂಗಳಲ್ಲಿ ಗೋಡೆಯ ಮೊಳೆ ಅದನ್ನು ಹೊರಲಾರದೆ ಕಿತ್ತು ಬರುತ್ತದೆ. ಸಂಜೆ ಶಾಲೆಯಿಂದ ಬಂದ ಮಕ್ಕಳ ಚೀಲವನ್ನು ತಾಯಂದಿರು ಒಮ್ಮೆ ಎತ್ತಿ ನೋಡಿ ಆಮೇಲೆ ತಿಂಡಿ ಕೊಡುತ್ತಾರೆ. ಹಳೆಯ ಸೈಕಲ್ ಕೊಳ್ಳುವವರು ಬ್ರೇಕು ಬೆಲ್ಲು ನೋಡುವುದಕ್ಕೆ ಮುಂಚೆ ಒಂದು ಕೈಯಲ್ಲಿ ಎತ್ತಿ ನೋಡುತ್ತಾರೆ. ಕಳ್ಳರು ನಮ್ಮಲ್ಲೂ ಇದ್ದಾರೆ, ಆದರೆ ಅವರು ತಿನ್ನುವುದನ್ನು ಮಾತ್ರ ಕದಿಯುತ್ತಾರೆ, ಹೊಟ್ಟೆಗಿಳಿದದ್ದಕ್ಕೆ ತೂಕವಿಲ್ಲ. ಹೊಲ ಗದ್ದೆಯನ್ನು ಯಾರೂ ಎತ್ತಿ ನೋಡಲಾರರು, ಹಾಗಾಗಿ ನಮ್ಮೂರ ದೊಡ್ಡವರ ವ್ಯಾಜ್ಯಗಳೆಲ್ಲ ನೆಲದ ಮೇಲಿನದ್ದೇ. ಹೀಗೆ ಏರಿದ ಭಾರ ಇಳಿಯುವುದಕ್ಕೆ ಒಡೆಯರೇ ಬಂದು ಎತ್ತಬೇಕು, ಇಲ್ಲವೆ ತಮ್ಮ ಬಾಯಿಂದ ಇಂಥವರು ತಗೊಂಡು ಬರಲಿ ಎನ್ನಬೇಕು. ಬೇರೆ ದಾರಿ ಇಲ್ಲ.

ನನ್ನ ಅಪ್ಪ ಚೆನ್ನಬಸವಯ್ಯ ಇಂಥ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಹೆಡ್‌ಮೇಷ್ಟ್ರಾಗಿದ್ದರು. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ದಿನದ ಪಾಠ ಅವರದ್ದೇ. ಮೇಜಿನ ಮೇಲೆ ಒಂದು ಬಳಪ ಇಟ್ಟು, ಇದು ಯಾರದು ಎಂದು ಕೇಳಿ, ಯಾರದೆಂದು ಗೊತ್ತಾಗುವ ತನಕ ಅ ಆ ಇ ಈ ಶುರುಮಾಡುತ್ತಿರಲಿಲ್ಲ. ಬೀದಿಯಲ್ಲಿ ಅವರು ಬಂದರೆ ಜಗಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಅಂಥವರ ಮನೆಯ ಮಹಡಿಯಲ್ಲಿ ಯಾರೂ ಎತ್ತಲಾಗದ ಒಂದು ಗಡಿಯಾರ ಇತ್ತೆಂಬುದು ಅಪ್ಪ, ಅಮ್ಮ, ನಾನು ಮೂವರಿಗೆ ಮಾತ್ರ ಗೊತ್ತಿತ್ತು.

ಅದು ಬಂದದ್ದು ನನಗೆ ಹನ್ನೆರಡು ವರ್ಷವಾಗಿದ್ದಾಗ. ಹೊಳೆಗೆ ಸೇತುವೆ ಕಟ್ಟಲು ಬಂದಿದ್ದ ಫ್ರೆಂಚ್ ಇಂಜಿನಿಯರ್ ಒಬ್ಬರು ಊರಾಚೆಯ ಬಂಗಲೆಯಲ್ಲಿ ಬಹಳ ವರ್ಷ ಇದ್ದರು. ಅವರ ಅಡಿಗೆಯವನು ಚೌರಪ್ಪ. ಸೇತುವೆ ಮುಗಿದು, ಸಾಹೇಬರು ತಮ್ಮ ದೇಶಕ್ಕೆ ಹೊರಡುವಾಗ, ಹದಿನೆಂಟು ವರ್ಷ ಅನ್ನ ಹಾಕಿದವನಿಗೆ ಏನು ಕೊಡಲಿ ಎಂದು ಯೋಚಿಸಿ, ತಮ್ಮ ಹಜಾರದ ಗಡಿಯಾರವನ್ನೂ ಅದರ ಜೊತೆಯ ಎರಡು ಹೂದಾನಿಗಳನ್ನೂ ಕೊಟ್ಟರು. ಗಡಿಯಾರ ಒಂದೂವರೆ ಗೇಣು ಎತ್ತರ. ಮೈಯೆಲ್ಲ ಚಿನ್ನದ ನೀರು ಹಿಡಿಸಿದ ಲೋಹ, ಎದೆಗೆ ಪಕ್ಕೆಗೆ ಆಕಾಶನೀಲಿ ಪಿಂಗಾಣಿಯ ಬಿಲ್ಲೆಗಳು, ಆ ನೀಲಿಯ ನಡುವೆ ಮೊರದಲ್ಲಿ ಹೂವು ಹಿಡಿದ ಹುಡುಗಿಯ ಚಿತ್ರ. ಮುಳ್ಳುಗಳು ಇರುವೆಯ ಕಾಲಿನಷ್ಟು ನವಿರು. ಮುಚ್ಚಳವಿದ್ದ ಎರಡು ಹೂದಾನಿಗಳಿಗೂ ಅದೇ ನೀಲಿ, ಅದೇ ಚಿನ್ನ. ಮೂರನ್ನೂ ಸಾಲಾಗಿ ಇಟ್ಟರೆ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು.

ಚೌರಪ್ಪನ ಮನೆ ಹೊಳೆಸಾಲಿನಲ್ಲಿ. ಆ ವರ್ಷ ನೀರು ಏರುವ ಸೂಚನೆ ಕಂಡದ್ದೇ ಅವನು ಬುಟ್ಟಿಯಲ್ಲಿ ಹುಲ್ಲು ಹಾಸಿ, ಮೂರನ್ನೂ ಹೊತ್ತು ನಮ್ಮ ಮನೆಗೆ ಬಂದ. "ಮೇಷ್ಟ್ರೇ, ಹೊಳೆ ಇಳಿಯೋಗಂಟ ನಿಮ್ಮ ಮಹಡಿ ಮೇಲೆ ಇಟ್ಕೊಂಡಿರಿ. ಇದನ್ನ ಸಾಹೇಬ್ರ ದೇಶದಲ್ಲಿ ಚಳಿ ಕಾಯಿಸೋ ಬೆಂಕಿಗೂಡಿನ ಮೇಲೆ ಇಡ್ತಾರಂತೆ. ನಮ್ಮ ಕಡೆ ಬೆಂಕಿಗೂಡು ಎಲ್ಲೈತೆ, ಒಲೆ ಬಿಟ್ರೆ?" ಎಂದು ನಕ್ಕ. ವಾರಕ್ಕೊಮ್ಮೆ ಕೀಲಿ ಕೊಡುವುದನ್ನು ಅಪ್ಪನಿಗೆ ತೋರಿಸಿಕೊಟ್ಟು ಹೋದ. ಹೊಳೆ ಏರಿತು, ಇಳಿಯಿತು. ಮನೆಯೊಳಗೆ ನಿಂತ ಕೆಸರನ್ನು ಎತ್ತಿಹಾಕುವಾಗ ಅವನಿಗೆ ಜ್ವರ ಬಂತು, ಒಂಬತ್ತು ದಿನಕ್ಕೆ ತೀರಿಹೋದ. ಅವನಿಗಿದ್ದದ್ದು ಲೂರ್ದಮ್ಮ ಒಬ್ಬಳೇ ಮಗಳು. ಮದುವೆಯಾಗಿ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತಂದೆಯ ಬಳಿಯೇ ಇದ್ದಳು. ಆಗ ಅವಳಿಗೆ ಇಪ್ಪತ್ತೆಂಟಿರಬೇಕು.

ಅವಳು ತಕ್ಷಣ ಬರಲಿಲ್ಲ. ಆ ಮೂರು ತಿಂಗಳಲ್ಲಿ ಅಪ್ಪನಿಗೆ ಗಡಿಯಾರ ಒಗ್ಗಿಹೋಯಿತು. ಭಾನುವಾರ ಸ್ನಾನ ಮಾಡಿ ಬಂದು ಅದಕ್ಕೆ ಕೀಲಿ ಕೊಡುವುದು ಅವರಿಗೆ ಪೂಜೆಯ ಹಾಗೆ. ಹತ್ತಿಯ ಬಟ್ಟೆಯಲ್ಲಿ ಒರೆಸಿ, ದೂರ ನಿಂತು, ಮತ್ತೆ ಹತ್ತಿರ ಹೋಗಿ ನೋಡುತ್ತಿದ್ದರು. ಅಪ್ಪ ಬಡತನದಲ್ಲಿ ಬೆಳೆದವರು. ಅವರ ಮನೆಯಲ್ಲಿ ಚೆಂದ ಎನ್ನುವುದಕ್ಕೆ ಒಂದು ವಸ್ತುವೂ ಇರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ಒಂದು ದಿನ ಶಾಲೆಯ ಕಮಿಟಿಯವರು ಕಾಫಿಗೆ ಬಂದು ಮಹಡಿ ಹತ್ತಿದರು. ಅಧ್ಯಕ್ಷರು ಗಡಿಯಾರದ ಮುಂದೆ ನಿಂತು, "ಏನ್ ಮೇಷ್ಟ್ರೇ, ಇದು ನಿಮ್ಮದಾ?" ಎಂದರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಸಲ ತಲೆಯಾಡಿಸಿದರು.

ಮುಂದಿನ ತಿಂಗಳ ಸಭೆಗೆ ಅದೇ ಕಮಿಟಿ ಅದೇ ಮಹಡಿಯಲ್ಲಿ ಕೂತಿದ್ದಾಗ ಲೂರ್ದಮ್ಮ ಬಂದಳು. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. "ಮೇಷ್ಟ್ರೇ, ಗೋಡೆ ಹೊಸದಾಗಿ ಎಬ್ಬಿಸಿದ್ವಿ. ಒಣಗಲಿ ಅಂತ ಕಾಯ್ತಿದ್ದೆ. ಅಪ್ಪ ಇಟ್ಟಿದ್ದ ಗಡಿಯಾರ ತಗೊಂಡು ಹೋಗಣ ಅಂತ ಬಂದೆ," ಎಂದಳು. ಅಧ್ಯಕ್ಷರು ಅಪ್ಪನ ಮುಖ ನೋಡಿದರು. ಅಪ್ಪನ ಕಿವಿ ಕೆಂಪಾಯಿತು. "ಇಟ್ಟಿದ್ದಲ್ಲಮ್ಮ," ಎಂದರು. "ನಿಮ್ಮಪ್ಪ ಅದನ್ನ ನನಗೆ ಕೊಟ್ಟುಬಿಟ್ಟಿದ್ದ. ನಿನಗೆ ಹೇಳಿರ್ಲಿಲ್ಲವೇನೋ." ಅಧ್ಯಕ್ಷರು ಎದ್ದು ಗಡಿಯಾರವನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎತ್ತಿ, "ಹಗುರವಾಗೇ ಇದೆಯಲ್ಲಮ್ಮ" ಎಂದರು. ಮೂರು ತಿಂಗಳು ಅದು ನ್ಯಾಯವಾಗಿಯೇ ನಮ್ಮಲ್ಲಿತ್ತು, ಭಾರ ಎಲ್ಲಿಂದ ಬರಬೇಕು? ಭಾರ ಶುರುವಾದದ್ದು ಅವಳು ಮೆಟ್ಟಿಲಿಳಿದ ಮೇಲೆ.

ಅವಳಿಗೆ ಅದರಿಂದ ಆದದ್ದು ಸಣ್ಣದಲ್ಲ. ಚೌರಪ್ಪನ ಮಗಳು ಹೆಡ್‌ಮೇಷ್ಟ್ರಿಗೆ ಮೋಸ ಮಾಡಲು ಹೋಗಿದ್ದಳಂತೆ ಎಂದು ಊರಾಡಿತು. ತಂದೆ ಕಲಿಸಿದ ಬನ್ನು ಬ್ರೆಡ್ಡು ಬೇಯಿಸಿ ಕಿಟಕಿಯಲ್ಲಿಟ್ಟು ಮಾರುತ್ತಿದ್ದಳು. ಒಂದು ವರ್ಷ ಜನ ಅವಳ ಕಿಟಕಿಯ ಮುಂದೆ ನಿಲ್ಲಲಿಲ್ಲ. ಅಪರೂಪಕ್ಕೆ ಕೊಂಡವರೂ ಬನ್ನನ್ನು ಅಂಗೈಯಲ್ಲಿ ತೂಗಿ ನೋಡಿ ಹೋಗುತ್ತಿದ್ದರು.

ಅವಳು ಬಂದುಹೋದ ಹತ್ತನೆಯ ದಿನ ಅಮ್ಮ ಹೂದಾನಿಗಳನ್ನು ಒಡೆದಳು. ಒರೆಸುವಾಗ ಎರಡೂ ಜಾರಿದವು, ಚೂರು ಯಾರಿಗೂ ಚುಚ್ಚದಿರಲಿ ಎಂದು ಹಿತ್ತಲಲ್ಲಿ ಹೂತೆ ಎಂದಳು. ಅಪ್ಪ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಅಮ್ಮ ಆ ಒಂದು ತಿಂಗಳು ಅವರ ಮುಂದೆ ತಟ್ಟೆ ಇಟ್ಟು, ಬಡಿಸಿ, ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಮೊದಲ ವರ್ಷ ಅಪ್ಪ ಗಡಿಯಾರವನ್ನು ಎತ್ತಿ ಕೆಳಗೆ ಒರೆಸುತ್ತಿದ್ದರು. ಮೂರನೆಯ ವರ್ಷ ಗೋಡೆಯ ಹಲಗೆ ಬಾಗಿತು. ಕಬ್ಬಿಣದ ಆನಿಕೆ ಹಾಕಿಸಿದರು. ಏಳನೆಯ ವರ್ಷ ಹಲಗೆ ಬೇಡವೆಂದು ಗಡಿಯಾರವನ್ನು ಕಲ್ಲಿನ ಪೀಠಕ್ಕೆ ಇಳಿಸಬೇಕಾಯಿತು. ಅಪ್ಪ ಅಮ್ಮ ಇಬ್ಬರೂ ಒಂದು ಇಡೀ ಭಾನುವಾರ ಬಾಗಿಲು ಹಾಕಿಕೊಂಡು ಅದನ್ನು ಜರುಗಿಸಿದರು. ಅಮ್ಮನ ಸೊಂಟ ಅಂದಿನಿಂದ ನೆಟ್ಟಗಾಗಲಿಲ್ಲ. ಆಮೇಲೆ ಅದನ್ನು ಯಾರೂ ಕದಲಿಸಲಿಲ್ಲ. ಕೀಲಿಯ ತೂತು ಮುಂದುಗಡೆಯೇ ಇದ್ದದ್ದರಿಂದ ಕೀಲಿ ಕೊಡುವುದಕ್ಕೆ ತೊಂದರೆಯಾಗಲಿಲ್ಲ. ಕೆಳಗಿನ ಹಜಾರದಲ್ಲಿ ಮೊದಲು ಒಂದು ಮರದ ಕಂಬ, ಆಮೇಲೆ ಒಂದು ಕಲ್ಲಿನ ಕಂಬ ಬಂತು. ನೋಡಿದವರಿಗೆ ಹಳೆಯ ಮನೆ, ತೊಲೆ ಬಲವಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಮಹಡಿಗೆ ಬೀಗ ಬಿತ್ತು. ಮನೆಗೆ ಬಂದವರಿಗೆ ಕಾಫಿ ಜಗಲಿಯಲ್ಲೇ. ನನ್ನ ಮದುವೆಯ ಮಾತು ಬಂದಾಗಲೆಲ್ಲ ಗಂಡಿನ ಕಡೆಯವರು ಮನೆ ನೋಡಬೇಕು ಎನ್ನುತ್ತಿದ್ದರು, ಅಪ್ಪ ಏನಾದರೊಂದು ನೆಪ ಹೇಳುತ್ತಿದ್ದರು. ನಾಲ್ಕು ಸಲ ಹೀಗಾದ ಮೇಲೆ ಮಾತು ಬರುವುದೇ ನಿಂತಿತು. ನಾನು ಕೆಳಗಿನ ಹಜಾರದಲ್ಲಿ ಶಿಶುವಿಹಾರ ಶುರುಮಾಡಿದೆ. ಮಕ್ಕಳು ಕಲ್ಲಿನ ಕಂಬದ ಸುತ್ತ ಕೈ ಹಿಡಿದು ತಿರುಗುತ್ತಿದ್ದರು. ನನಗೆ ಮೂವತ್ತೊಂಬತ್ತಾದಾಗ ಅಮ್ಮ ಹೋದಳು.

ಈಗ ನಾನು ಹೇಳುತ್ತಿರುವುದು ಅದಾಗಿ ಆರು ವರ್ಷಕ್ಕೆ ನಡೆದದ್ದು. ಒಂದು ಬೆಳಿಗ್ಗೆ ಮಕ್ಕಳು ಬರೆಯುತ್ತಿದ್ದಾಗ ಸ್ಲೇಟುಗಳ ಮೇಲೆ ಸುಣ್ಣದ ಪುಡಿ ಉದುರಿತು. ತಲೆ ಎತ್ತಿದೆ. ಕಂಬದ ತಲೆಯಿಂದ ಗೋಡೆಯವರೆಗೂ ತೊಲೆಯಲ್ಲಿ ಬಿರುಕು ಓಡಿತ್ತು, ಕಂಬದ ಬುಡದಲ್ಲಿ ಹಾಸುಗಲ್ಲು ಎರಡು ಬೆರಳು ಕುಸಿದಿತ್ತು. ಹದಿನೇಳು ಮಕ್ಕಳನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಹುಣಸೆಮರದ ಕೆಳಗೆ ಕೂರಿಸಿದೆ. ಬಡಗಿ ಕಾಳಾಚಾರಿಯನ್ನು ಕರೆಸಿದೆ. ಅವನು ತೊಲೆಯನ್ನು ತಟ್ಟಿ ನೋಡಿ, ಕೆಳದನಿಯಲ್ಲಿ, "ಅಕ್ಕಾ, ಇದು ಮನೆ ಭಾರ ಅಲ್ಲ. ಮೇಲೆ ಏನಿದೆ ಅಂತ ನಾನು ಕೇಳಲ್ಲ. ಮಳೆ ಹಿಡಿಯೋದ್ರೊಳಗೆ ಇಳಿಸಿಬಿಡಿ," ಎಂದು ಹೇಳಿ ತನ್ನ ಉಳಿ ಕೊಡತಿ ಎತ್ತಿಕೊಂಡು ಹೊರಟುಹೋದ.

ಅಪ್ಪ ಮಹಡಿಯಲ್ಲಿ ತಮ್ಮ ಕುರ್ಚಿಯಲ್ಲಿ ಗಡಿಯಾರದ ಎದುರಿಗೇ ಕೂತಿದ್ದರು. ಎಪ್ಪತ್ತೆರಡು ವರ್ಷ, ಕಣ್ಣು ಕಿವಿ ಎಲ್ಲ ಚೆನ್ನಾಗಿತ್ತು. "ಇನ್ನೊಂದು ಕಂಬ ಕೊಡಿಸೋಣ," ಎಂದರು.

"ಕಂಬಕ್ಕೇ ನೆಲ ಕುಸೀತಿದೆ ಅಪ್ಪ. ಕೆಳಗೆ ಮಕ್ಕಳು ಕೂರ್ತಾರೆ."

"ಮಕ್ಕಳನ್ನ ಬೇರೆ ಕಡೆ ಕೂರಿಸು."

"ಅವರು ಹೋಗ್ತಾರೆ. ನೀವು?"

ನಾನು ಹೊಳೆಸಾಲಿಗೆ ಹೊರಟೆ.

ಅಷ್ಟು ವರ್ಷ ನಾನು ಆ ಬೀದಿಗೆ ಕಾಲಿಟ್ಟವಳಲ್ಲ. ಲೂರ್ದಮ್ಮ ಬನ್ನಿನ ತಟ್ಟೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು, ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ, "ನೀನು ನೀಲಮ್ಮೋರ ಮಗಳಲ್ವಾ? ನಡಿಗೆ ಅವರದ್ದೇ. ಒಳಕ್ಕೆ ಬಾ," ಎಂದಳು. ಅಮ್ಮನ ಹೆಸರು ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ನನಗೆ ಆಶ್ಚರ್ಯವಾಯಿತು. ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತೆ. ಗೋಡೆಯ ಮಾಡದಲ್ಲಿ ಇಗರ್ಜಿಯ ಮಾತೆಯ ಪಟದ ಕೆಳಗೆ ಎರಡು ನೀಲಿ ಹೂದಾನಿಗಳಿದ್ದವು. ಒಂದರ ಚಿನ್ನದ ಅಂಚೂ ಮಾಸಿರಲಿಲ್ಲ. ಎರಡರ ನಡುವೆ ಒಂದೂವರೆ ಗೇಣಿನಷ್ಟು ಜಾಗ ಖಾಲಿ ಬಿಟ್ಟಿತ್ತು.

"ಅವು ಒಡೆದುಹೋದವು ಅಂತ ಅಮ್ಮ..." ಎಂದೆ.

"ಹಂಗಂತ ಹೇಳಿದ್ರಾ ಮನೇಲಿ?" ಲೂರ್ದಮ್ಮ ಮಣೆ ಕೊಟ್ಟು ತಾನೂ ಕೂತಳು. "ನಿಮ್ಮಮ್ಮ ಸೊಪ್ಪಿನ ಬುಟ್ಟೀಲಿ ಇಟ್ಕೊಂಡು ಬಂದ್ರು. ಎರಡೂ ಒಟ್ಟಿಗೆ ತಂದ್ರೆ ತಗುಲಿ ಒಡೀತವೆ ಅಂತ ಎರಡು ಸಲ ಬಂದ್ರು. ನಾನು ಬೇಡ ಅನ್ನಲಿಲ್ಲ, ನಮ್ಮಪ್ಪಂದು. ದೊಡ್ಡದನ್ನ ತರೋಕೆ ನನ್ನ ಕೈಲಾಗಲಿಲ್ಲ ಲೂರ್ದಮ್ಮ ಅಂತ ಹೇಳಿ, ಇದನ್ನ ಯಾರಿಗೂ ಹೇಳಬೇಡ ಅಂತ ಕೈ ಮುಗಿದ್ರು. ನನಗಿಂತ ದೊಡ್ಡೋರು ಕೈ ಮುಗಿದ್ರೆ ಏನ್ ಮಾಡ್ಲಿ? ಹೇಳಲಿಲ್ಲ."

ನಾನು ಬಂದ ಕಾರಣ ಹೇಳಿದೆ. ತೊಲೆ ಬಿರುಕು ಬಿಟ್ಟದ್ದು, ಮಕ್ಕಳು, ಮಳೆಗಾಲ. "ಅಕ್ಕಾ, ನೀವು ಒಂದು ಮಾತು ಹೇಳಿದ್ರೆ ಸಾಕು. ನಾನೇ ಹೊತ್ಕೊಂಡು ಬಂದು ಇಲ್ಲಿಟ್ಟು ಹೋಗ್ತೀನಿ."

"ಗೊತ್ತು," ಎಂದಳು. "ನಾನು ಹೂಂ ಅಂದ್ರೆ ನೀನೂ ಸೊಪ್ಪಿನ ಬುಟ್ಟೀಲಿ ತರ್ತೀಯ. ಯಾರಿಗೂ ಕಾಣಲ್ಲ. ನಮ್ಮಪ್ಪ ಕೊಟ್ಟಿದ್ದ ಅಂತ ನಿಮ್ಮಪ್ಪ ನಾಲ್ಕು ಜನರ ಮುಂದೆ ಹೇಳಿದ್ರು. ನಾನು ಸುಳ್ಳಿ ಆದೆ. ಅದು ಬಿಡು, ನನ್ನ ಕೈಯಿಂದ ಬನ್ನು ತಗೊಂಡು ತೂಗಿ ನೋಡಿದ್ರಲ್ಲ, ಆ ಜನರಲ್ಲಿ ಅರ್ಧ ಜನ ಸತ್ತೇಹೋದ್ರು, ಹಂಗೇ ತಿಳ್ಕೊಂಡು ಸತ್ರು. ಮೇಷ್ಟ್ರು ಬರ್ಲಿ. ನಮ್ಮಪ್ಪನ ಹೆಸರು ಹೇಳಿ, ಇದು ಅವನದು ಅಂತ ಹೇಳ್ಲಿ. ಆಗ ಬಂದು ತಗೊಂಡು ಹೋಗ್ತೀನಿ."

"ಅವರು ಬರದೇ ಹೋದ್ರೆ?"

"ಮಕ್ಕಳನ್ನ ಆ ಹಜಾರದಲ್ಲಿ ಕೂರಿಸಬೇಡ ತಾಯಿ," ಎಂದಳು.

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಲೂರ್ದಮ್ಮ ಕೇಳಿದ ಮಾತು ಹೇಳುವಾಗಲೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಹೂದಾನಿಗಳ ವಿಷಯ ಬಂದಾಗ ನನ್ನ ಕಡೆ ತಿರುಗಿದರು.

"ಒಡೆದುಹೋಯ್ತು ಅಂದಿದ್ಲು," ಎಂದರು.

"ಒಡೆದಿರ್ಲಿಲ್ಲ ಅಪ್ಪ. ಅವರ ಮಾಡದಲ್ಲಿವೆ. ನನ್ನ ಕಣ್ಣಾರೆ ನೋಡಿ ಬಂದೆ."

"ಒಂದು ತಿಂಗಳು ನಾನು ಅವಳ ಹತ್ರ ಮಾತಾಡ್ಲಿಲ್ಲ."

"ಹೌದು."

ಮಧ್ಯಾಹ್ನದ ಬಿಸಿಲು ಪಿಂಗಾಣಿಯ ಮೇಲೆ ಬಿದ್ದು ಅವರ ಅಂಗಿಯ ಮೇಲೆ ನೀಲಿ ನೆರಳು ಕೂತಿತ್ತು. ಆಮೇಲೆ, ನಾನು ಕೇಳದೆಯೇ, ಅಧ್ಯಕ್ಷರು ಪ್ರಶ್ನೆ ಕೇಳಿದ ದಿನದ ಬಗ್ಗೆ ಹೇಳಿದರು. "ಅಲ್ಲ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ತಲೆ ಆಡಿಬಿಟ್ಟಿತ್ತು. ಆಮೇಲೆ ಆ ಹುಡುಗಿ ಬಂದಾಗ, ತಲೆಯಾಡಿಸಿದ್ದು ಸುಳ್ಳಾಗಬಾರದು ಅಂತ ಬಾಯಲ್ಲೂ ಸುಳ್ಳು ಹೇಳಿದೆ. ಇದಿಷ್ಟೇ ನಡೆದದ್ದು. ನಿಮ್ಮಮ್ಮ ಬಾಗಿಲಲ್ಲಿ ನಿನ್ನ ಹಿಂದೆ ನಿಂತು ಕೇಳಿಸ್ಕೊಂಡಿದ್ಲು. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ನಾನು ನೆಮ್ಮದಿಯಾಗಿದ್ದೆ."

ಮಾರನೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಶಾಲೆಯ ವಾರ್ಷಿಕೋತ್ಸವಕ್ಕೆ ಹಾಕುತ್ತಿದ್ದ ಬಿಳಿ ಕೋಟು ಹಾಕಿಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಲೂರ್ದಮ್ಮನ ಕಿಟಕಿಯ ಮುಂದೆ ಆ ಹೊತ್ತಿಗೆ ಹತ್ತು ಹನ್ನೆರಡು ಜನ ಸಾಲು ನಿಂತಿದ್ದರು. ಅಪ್ಪನನ್ನು ಕಂಡು, ಮುಂದೆ ಬನ್ನಿ ಸಾರ್ ಎಂದು ಜಾಗ ಬಿಟ್ಟರು. ಅಪ್ಪ ಬೇಡವೆಂದು ತಲೆಯಲ್ಲಾಡಿಸಿ ಸಾಲಿನ ಕೊನೆಗೆ ನಿಂತರು. ಒಬ್ಬೊಬ್ಬರೇ ಬನ್ನು ತಗೊಂಡು ಹೋದಂತೆ ಹಿಂದೆ ಹೊಸಬರು ಸೇರುತ್ತಿದ್ದರು. ಅಪ್ಪನ ಸರದಿ ಬಂತು. ಲೂರ್ದಮ್ಮ ತಲೆಯೆತ್ತಿ ನೋಡಿದಳು.

"ಎಷ್ಟು ಕೊಡ್ಲಿ ಮೇಷ್ಟ್ರೇ?"

ಅಪ್ಪ ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟರು. ತರಗತಿಯ ಕೊನೆಯ ಸಾಲಿಗೂ ಕೇಳುವಂತೆ ಮಾತಾಡುತ್ತಿದ್ದವರ ದನಿ ಅಂದು ಹತ್ತಿರ ನಿಂತ ನನಗೂ ಸರಿಯಾಗಿ ಕೇಳಲಿಲ್ಲ. ಅದು ಅವರಿಗೂ ತಿಳಿಯಿತು. ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿಂದ ಹೇಳಿದರು. "ಚೌರಪ್ಪ ಗಡಿಯಾರವನ್ನ ನನಗೆ ಕೊಟ್ಟಿರ್ಲಿಲ್ಲ. ಹೊಳೆ ಇಳಿಯೋತನಕ ಇಟ್ಕೊಂಡಿರಿ ಅಂದಿದ್ದ. ನಾನು ಸುಳ್ಳು ಹೇಳಿದೆ. ಅದು ಅವನದು. ಈಗ ನಿನ್ನದು."

ಲೂರ್ದಮ್ಮ ಅಪ್ಪನ ಹಿಂದೆ ನಿಂತವಳಿಗೆ ಬನ್ನು ಕಟ್ಟಿಕೊಟ್ಟಳು, ಅವಳ ಹಿಂದಿನವನಿಗೂ ಕೊಟ್ಟಳು. ತಟ್ಟೆ ಖಾಲಿಯಾದ ಮೇಲೆ ಕೈ ತೊಳೆದು, ಕಿಟಕಿ ಎಳೆದುಕೊಂಡು, ಸೆರಗು ಹೊದ್ದು ಹೊರಗೆ ಬಂದಳು. ಅಪ್ಪ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರು.

ನಮ್ಮ ಮನೆಯ ಮೆಟ್ಟಿಲನ್ನು ಅವಳು ಮೊಣಕಾಲಿಗೆ ಕೈಕೊಟ್ಟು ಹತ್ತಿದಳು. ಗಡಿಯಾರದ ಮುಂದೆ ನಿಂತು ಮೊದಲು ಮೊರ ಹಿಡಿದ ಹುಡುಗಿಯನ್ನು ನೋಡಿದಳು. "ಬಂಗಲೇಲಿ ಇದನ್ನ ಒರೆಸೋದು ನನ್ನ ಕೆಲಸ. ನನಗೆ ಹನ್ನೊಂದು ವರ್ಷ ಆಗ," ಎಂದಳು. ಆಮೇಲೆ ಎರಡು ಕೈಯಲ್ಲಿ ಹಿಡಿದು ಎತ್ತಿದಳು. ಅದು ಎದ್ದಿತು. ಕೆಳಗೆ ತೊಲೆ ದೀರ್ಘವಾಗಿ ಒಮ್ಮೆ ಕಿರುಗುಟ್ಟಿತು, ಹಾಸುಹಲಗೆ ನನ್ನ ಪಾದದ ಅಡಿಯಲ್ಲಿ ಮೇಲಕ್ಕೆ ಬಂದಂತಾಯಿತು. ಅಪ್ಪ ಗೋಡೆ ಹಿಡಿದುಕೊಂಡರು.

ನಾಲ್ಕು ಹೆಜ್ಜೆ ಹೋಗುವುದರೊಳಗೆ ಲೂರ್ದಮ್ಮನ ಮಣಿಕಟ್ಟು ನಡುಗಿತು. ಗಡಿಯಾರವನ್ನು ಕುರ್ಚಿಯ ಮೇಲಿಟ್ಟು ಉಸಿರುಬಿಟ್ಟಳು. "ಇದರದ್ದೇ ಒಂದು ತೂಕ ಅಂತ ಐತಲ್ಲ. ಲೋಹ, ಪಿಂಗಾಣಿ. ನನಗೂ ಅರವತ್ತಾಯ್ತು." ನಾನು ಮುಂದೆ ಬಂದೆ. ಅವಳು ನನ್ನನ್ನು ನೋಡಲಿಲ್ಲ, ಅಪ್ಪನ ಕಡೆ ನೋಡುತ್ತಿದ್ದಳು.

"ನೀನು ಅಪ್ಪಣೆ ಕೊಟ್ರೆ ನಾನು ಹೊರ್ತೀನಿ," ಎಂದರು ಅಪ್ಪ.

ಅವಳು ಕುರ್ಚಿಯಿಂದ ಪಕ್ಕಕ್ಕೆ ಸರಿದಳು. "ಹೊತ್ಕೊಂಡು ಬನ್ನಿ ಮೇಷ್ಟ್ರೇ."

ಅಪ್ಪ ಕಾಲು ಅಗಲಿಸಿ, ಹಲ್ಲು ಕಚ್ಚಿ, ಬಂಡೆ ಎತ್ತುವವರಂತೆ ಬಗ್ಗಿದರು. ಅಷ್ಟು ವರ್ಷದ ಭಾರಕ್ಕೆ ಸಿದ್ಧವಾಗಿದ್ದ ತೋಳು ಗಡಿಯಾರವನ್ನು ಹಿಡಿದು ಒಮ್ಮೆಲೇ ಮೇಲಕ್ಕೆ ಹಾರಿತು. ಅದರ ಅಂಚು ಗಲ್ಲಕ್ಕೆ ಬಡಿದು ಸಣ್ಣಗೆ ರಕ್ತ ಬಂತು. ಅವರು ಒರೆಸಿಕೊಳ್ಳಲಿಲ್ಲ. ಎರಡೂ ಕೈ ತುಂಬಿತ್ತು.

ಹೊಳೆಸಾಲಿಗೆ ಹೋಗಬೇಕೆಂದರೆ ಪೇಟೆಬೀದಿಯನ್ನು ದಾಟಲೇಬೇಕು. ಮುಂದೆ ಲೂರ್ದಮ್ಮ, ಅವಳ ಹಿಂದೆ ಗಡಿಯಾರ ಹೊತ್ತ ಅಪ್ಪ, ಕೊನೆಯಲ್ಲಿ ನಾನು. ಅಂಗಡಿಗಳು ಆಗತಾನೆ ತೆರೆಯುತ್ತಿದ್ದವು. ಬಿಸಿಲಿಗೆ ಆ ಚಿನ್ನ ಹೊಳೆಯುತ್ತಿತ್ತು. ನೋಡದೆ ಇರುವಂತೆಯೇ ಇರಲಿಲ್ಲ. ಸೈಕಲ್ ಅಂಗಡಿಯ ಖಾದರ್ ಎದ್ದು ನಿಂತು, "ಏನ್ ಸಾರ್, ಗಡಿಯಾರ ರಿಪೇರಿಗಾ?" ಎಂದ. ಅಪ್ಪ ನಿಂತರು. "ಅಲ್ಲಪ್ಪ. ಇದು ಲೂರ್ದಮ್ಮಂದು. ಅವರ ಮನೆಗೆ ಹೋಗ್ತಿದೆ." ಖಾದರ್ ಇನ್ನೇನೋ ಕೇಳಲು ಹೊರಟವನು ಅಪ್ಪನ ಗಲ್ಲದ ರಕ್ತ ನೋಡಿ ಸುಮ್ಮನಾದ. ಬಟ್ಟೆ ಅಂಗಡಿಯ ಮುನಿಯಪ್ಪ, ಬಹಳ ಹಿಂದೆ ಅಪ್ಪನ ಶಿಷ್ಯ, "ಎಷ್ಟು ದಿನದಿಂದ ಇತ್ತು ಸಾರ್ ನಿಮ್ಮಲ್ಲಿ?" ಎಂದು ಕೇಳಿದ. "ಮೂವತ್ತಮೂರು ವರ್ಷ," ಎಂದರು ಅಪ್ಪ. ಮುನಿಯಪ್ಪನ ಕೈಯಲ್ಲಿದ್ದ ಅಳತೆಕೋಲು ಹಾಗೇ ನಿಂತಿತು. ನಮ್ಮೂರಿನಲ್ಲಿ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹೂವಿನವಳು ಕೇಳಿದಳು, ಅಪ್ಪ ನಿಂತು ಹೇಳಿದರು. ಹಿಟ್ಟಿನ ಗಿರಣಿಯ ಮುಂದೆ ಯಾರೂ ಕೇಳಲಿಲ್ಲ. ಅಪ್ಪ ಅಲ್ಲಿಯೂ ನಿಂತು, "ಇದು ಚೌರಪ್ಪನ ಗಡಿಯಾರ," ಎಂದು ತಾವಾಗಿಯೇ ಹೇಳಿ ಮುಂದೆ ಹೋದರು. ಜಗಲಿಯ ಮೇಲೆ ಕೂತವರಲ್ಲಿ ಕೆಲವರು ಅಭ್ಯಾಸದಿಂದ ಎದ್ದರು, ಕೆಲವರು ಏಳಲಿಲ್ಲ. ಎದ್ದವರಲ್ಲಿ ಒಬ್ಬರು ಅರ್ಧದಲ್ಲಿಯೇ ಮತ್ತೆ ಕೂತದ್ದನ್ನು ನಾನು ಕಂಡೆ. ಅಪ್ಪನೂ ಕಂಡರು.

ಇಳಿಜಾರು ಶುರುವಾಗುವಲ್ಲಿ ಅಪ್ಪನ ತೋಳು ಸೋತಿತು. ಹಿಂದೆಯೇ ಬರುತ್ತಿದ್ದ ಮುನಿಯಪ್ಪ ಓಡಿಬಂದು, "ಕೊಡಿ ಸಾರ್, ನಾನು ಹಿಡ್ಕೋತೀನಿ" ಎಂದ. ಲೂರ್ದಮ್ಮ ತಿರುಗಿ ನಿಂತಳು. "ಬೇಡಪ್ಪ. ನಾನು ಅವರಿಗೆ ಹೇಳಿದ್ದು." ಅಪ್ಪ ಮೋರಿಯ ಕಟ್ಟೆಯ ಮೇಲೆ ಎರಡು ನಿಮಿಷ ಕೂತು, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಸುಧಾರಿಸಿಕೊಂಡರು. ಲೂರ್ದಮ್ಮ ಅವಸರ ಮಾಡಲಿಲ್ಲ.

ಅವಳ ಮನೆಯ ಮಾಡದಲ್ಲಿ ಹೂದಾನಿಗಳ ನಡುವೆ ಗಡಿಯಾರವನ್ನು ಅಪ್ಪನೇ ಇಟ್ಟರು. ಗೋಡೆ ಸ್ವಲ್ಪ ವಾರೆಯಿತ್ತು. ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಮಡಿಸಿ ಒಂದು ಕಾಲಿನ ಕೆಳಗೆ ತುರುಕಿದರು, ಲೋಲಕ ಅಲ್ಲಾಡಿಸಿದರು, ಕಿವಿಯಿಟ್ಟು ಟಿಕ್ ಟಿಕ್ ಸಮವಾಗಿದೆಯೇ ಕೇಳಿದರು. ಕೀಲಿಯನ್ನು ಲೂರ್ದಮ್ಮನ ಕೈಗೆ ಕೊಟ್ಟು, "ಬಲಗಡೆ ತೂತು ನಡಿಗೆಗೆ, ಎಡಗಡೆದು ಗಂಟೆಗೆ. ವಾರಕ್ಕೊಂದು ಸಲ. ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಬೇಕು, ಬಲವಂತ ಮಾಡಬಾರದು," ಎಂದರು. ಅವಳು ಅವರು ಹೇಳಿದ ಹಾಗೆ ತಿರುಗಿಸಿದಳು. ಅಪ್ಪ ಮುಳ್ಳನ್ನು ನಿಧಾನವಾಗಿ ಒಂಬತ್ತಕ್ಕೆ ತಂದರು.

ಗಡಿಯಾರ ಹೊಡೆಯಿತು. ಲೂರ್ದಮ್ಮ ಒಂಬತ್ತೂ ಮುಗಿಯುವ ತನಕ ಅಲುಗಾಡದೆ ನಿಂತು ಕೇಳಿದಳು.

"ಇಷ್ಟೇನಾ?" ಎಂದಳು. "ಬಂಗಲೇಲಿ ಇದು ಹೊಡೆದ್ರೆ ಅಡಿಗೆಮನೆಗಂಟ ಕೇಳ್ತಿತ್ತು. ಇಗರ್ಜಿ ಗಂಟೆ ಹಂಗೆ ಅಂತ ಅಂದ್ಕೊಂಡಿದ್ದೆ ನಾನು. ಇಷ್ಟು ಸಣ್ಣ ಸದ್ದಾ?"

"ಸಣ್ಣ ಸದ್ದೇ ಅಮ್ಮ," ಎಂದರು ಅಪ್ಪ.

ಅವಳು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಮೇಷ್ಟ್ರೇ, ನೀವು ಬಂದು ಹೇಳಿದ್ರಿ, ಹೊತ್ತೂ ತಂದ್ರಿ. ಅದಾಯ್ತು. ಎಲ್ಲ ಮರೆತುಬಿಟ್ಟೆ ಅಂತ ಮಾತ್ರ ತಿಳ್ಕೋಬೇಡಿ. ನನ್ನ ಕೈಲಿ ಅದು ಆಗಲ್ಲ."

"ಇಲ್ಲ," ಎಂದರು ಅಪ್ಪ. "ತಿಳ್ಕೊಳಲ್ಲ."

"ಹಂಗಾದ್ರೆ ಹೊರಡಿ. ನನಗೆ ಹಿಟ್ಟು ನಾದೋದೈತೆ."

ನಾವು ಹೊರಟೆವು. ಏರು ಹತ್ತುವಾಗ ಅಪ್ಪ ನನ್ನ ಭುಜ ಹಿಡಿದುಕೊಂಡರು. ಅದಕ್ಕೆ ಮುಂಚೆ ಎಂದೂ ಹಿಡಿದವರಲ್ಲ. ಪೇಟೆಬೀದಿಯಲ್ಲಿ ಈ ಸಲ ಯಾರೂ ಏನನ್ನೂ ಕೇಳಲಿಲ್ಲ, ಅವರೂ ಯಾರ ಕಡೆಗೂ ನೋಡಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ, ಹುಣಸೆಮರದ ಕೆಳಗೆ ಕಾಯುತ್ತಿದ್ದ ಮಕ್ಕಳ ಗಲಾಟೆ ಕೇಳಿಸತೊಡಗಿದಾಗ, ಅವರು ನಿಂತರು.

"ಅವಳು ಹೇಳಿದ್ದು ಸರಿ," ಎಂದರು. "ಬಹಳ ಸಣ್ಣ ಸದ್ದು ಅದು. ಚೌರಪ್ಪ ತಂದು ಇಟ್ಟ ಮೊದಲ ದಿನವೇ ನನಗೂ ಹಾಗೇ ಅನ್ನಿಸಿತ್ತು."